ಅಯಾನು ಬಿಲ್ಲೆಗಳ ಡಬ್ಬ: ಸೂತ್ರ ಕಲಿಸುತ್ತದೆ, ಹೆಸರು ನಾವು ಕಲಿಸಬೇಕು

ಮನೆಯಲ್ಲಿ ಒಂಬತ್ತನೇ ತರಗತಿಯ ಮಗು ಇದ್ದರೆ, ಅಥವಾ ನನ್ನ ಹಾಗೆ ನೀವೂ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರಾದರೆ, ಈ ಡಬ್ಬ ಕೊಳ್ಳಿ. ತಂದ ದಿನವೇ ಅದರಿಂದ ಎರಡು ಬಿಲ್ಲೆ ತೆಗೆದು ಬೀರುವಿನೊಳಗೆ ಇಟ್ಟುಬಿಡಿ, ಪುಸ್ತಿಕೆಯಲ್ಲಿ ಒಂದು ತಪ್ಪು ತಿದ್ದಿ, ರಟ್ಟಿನಲ್ಲಿ ಕೆಲವು ಬಿಲ್ಲೆ ಕತ್ತರಿಸಿ ಸೇರಿಸಿ. ಇಷ್ಟು ಮಾಡಿಕೊಂಡರೆ ರಾಸಾಯನಿಕ ಸೂತ್ರ ಬರೆಯುವುದನ್ನು ಕಲಿಸಲು ನಾನು ಬಳಸಿ ನೋಡಿದ ಸಾಮಾನುಗಳಲ್ಲೆಲ್ಲ ಇದೇ ಮೇಲು.

ಕಂಪನಿಯ ಹೆಸರು ಹಾಕುತ್ತಿಲ್ಲ. ಇದೇ ಮಾದರಿಯ ಡಬ್ಬವನ್ನು ಬೇರೆ ಬೇರೆಯವರು ಮಾಡುತ್ತಾರೆ, ಹಾಗಾಗಿ ಹೆಸರಿಗಿಂತ ಒಳಗೆ ಏನಿದೆ ಎಂದು ನೋಡಿ ಕೊಳ್ಳುವುದು ಒಳ್ಳೆಯದು. ನಾನು ತಂದದ್ದು ಶಿವಮೊಗ್ಗದಲ್ಲಿ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ, 450 ರೂಪಾಯಿಗೆ. ಇನ್ನೊಂದು ಮಾತು: ಸೂತ್ರಗಳನ್ನು ಕ್ಲಾಸಿನಲ್ಲಿ ಬಾಯಲ್ಲಿ ಓದುವ ಹಾಗೆಯೇ ಇಲ್ಲಿ ಬರೆದಿದ್ದೇನೆ. ಎಚ್‌ಟುಓ ಅಂದರೆ ನೀರು, ಸಿಎಸಿಎಲ್‌ಟು ಅಂದರೆ ಕ್ಯಾಲ್ಸಿಯಂ ಕ್ಲೋರೈಡ್, ಹೀಗೆ.

ಡಬ್ಬದೊಳಗೆ ಫೋಮ್ ಹಾಳೆಯಿಂದ ಕತ್ತರಿಸಿದ 60 ಬಿಲ್ಲೆಗಳಿವೆ. ಅಯಾನು ಅಂದರೆ ಎಲೆಕ್ಟ್ರಾನು ಬಿಟ್ಟುಕೊಟ್ಟು ಅಥವಾ ಪಡೆದು ವಿದ್ಯುತ್ ಚಾರ್ಜು ಬಂದ ಪರಮಾಣು ಅಥವಾ ಪರಮಾಣುಗಳ ಗುಂಪು. ಹಳದಿಯವು ಧನ ಅಯಾನು, ನೀಲಿಯವು ಋಣ ಅಯಾನು. ಹಳದಿ ಬಿಲ್ಲೆಯ ಬಲ ಅಂಚಿನಲ್ಲಿ ಹಲ್ಲುಗಳು, ನೀಲಿ ಬಿಲ್ಲೆಯ ಎಡ ಅಂಚಿನಲ್ಲಿ ಅದಕ್ಕೆ ಸರಿಹೊಂದುವ ಕಚ್ಚುಗಳು. ಚಾರ್ಜು ಎಷ್ಟೋ ಹಲ್ಲು ಅಥವಾ ಕಚ್ಚು ಅಷ್ಟು: ಸೋಡಿಯಂಗೆ ಒಂದು ಹಲ್ಲು, ಕ್ಯಾಲ್ಸಿಯಂಗೆ ಎರಡು, ಅಲ್ಯೂಮಿನಿಯಂಗೆ ಮೂರು. ಕ್ಲೋರೈಡಿಗೆ ಒಂದು ಕಚ್ಚು, ಆಕ್ಸೈಡು ಮತ್ತು ಸಲ್ಫೇಟಿಗೆ ಎರಡು, ಫಾಸ್ಫೇಟಿಗೆ ಮೂರು. ಹಲ್ಲು ಎಷ್ಟೋ ಬಿಲ್ಲೆಯ ಎತ್ತರವೂ ಅಷ್ಟೇ ಪಟ್ಟು. ಒಂದು ಸೂತ್ರ ಸರಿಯಾಗಿದೆ ಅನ್ನಬೇಕಾದರೆ ಹಳದಿ ಸಾಲೂ ನೀಲಿ ಸಾಲೂ ಸಮಕ್ಕೆ ನಿಲ್ಲಬೇಕು, ಒಂದು ಹಲ್ಲೂ ಹೊರಗೆ ಉಳಿಯಬಾರದು. ಆಟದ ನಿಯಮ ಇಷ್ಟೇ, ಮಕ್ಕಳಿಗೆ ಹೇಳಿಕೊಡಲು ಎರಡು ನಿಮಿಷವೂ ಬೇಡ.

ಮಲೆನಾಡಿನವರಿಗೆ ಉಪಯೋಗವಾಗುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ: ಫೋಮ್ ಆದ್ದರಿಂದ ಆಷಾಢದ ಥಂಡಿಗೂ ಇದು ಸೊಟ್ಟಗಾಗುವುದಿಲ್ಲ. ನಮ್ಮ ಶಾಲೆಯಲ್ಲಿ ಮುಂಚೆ ಇದ್ದ ರಟ್ಟಿನ ಕಾರ್ಡುಗಳು ಒಂದೇ ಮಳೆಗಾಲಕ್ಕೆ ಬಿಲ್ಲಿನ ಹಾಗೆ ಬಾಗಿ, ಬೂಷ್ಟು ಹಿಡಿದಿದ್ದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೂತ್ರ ಬರೆಯಲು ನಾವೆಲ್ಲ ಕಲಿತದ್ದು, ಈಗಲೂ ಕಲಿಸುವುದು ಕ್ರಿಸ್‌ಕ್ರಾಸ್. ಎರಡು ಸಂಕೇತ ಪಕ್ಕ ಪಕ್ಕ ಬರೆ, ಕೆಳಗೆ ವೇಲೆನ್ಸಿ (ಬಿಡುವ ಅಥವಾ ಪಡೆಯುವ ಎಲೆಕ್ಟ್ರಾನುಗಳ ಸಂಖ್ಯೆ) ಬರೆ, ಓರೆಯಾಗಿ ಗೀಟು ಎಳೆದು ಅದಲು ಬದಲು ಮಾಡು, ಮುಗಿಯಿತು. ಪಠ್ಯದಲ್ಲಿಯೂ ಹಾಗೇ ಇದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಹಾಗೆ ಬರೆದ ಹುಡುಗನನ್ನು ಹಿಡಿದು ‘ಕ್ಲೋರಿನ್ ಪಕ್ಕ ಎರಡು ಯಾಕೆ ಬಂತು?’ ಎಂದು ಕೇಳಿದರೆ ‘ಕ್ಯಾಲ್ಸಿಯಂನದ್ದು ಎರಡಲ್ವಾ ಮೇಡಂ, ಅದು ಈ ಕಡೆ ಬಂತು’ ಅನ್ನುತ್ತಾನೆ. ಎರಡು ಬಂದದ್ದು ಎಲ್ಲಿಂದ ಎಂದು ಗೊತ್ತು, ಯಾಕೆ ಎಂದು ಗೊತ್ತಿಲ್ಲ. ಕ್ಯಾಲ್ಸಿಯಂ ಎರಡು ಎಲೆಕ್ಟ್ರಾನು ಬಿಟ್ಟುಕೊಡುತ್ತದೆ, ಒಂದು ಕ್ಲೋರಿನ್ ತೆಗೆದುಕೊಳ್ಳುವುದು ಒಂದನ್ನೇ, ಅದಕ್ಕೇ ಇನ್ನೊಂದು ಕ್ಲೋರಿನ್ ಬೇಕು. ಈ ‘ಅದಕ್ಕೇ’ ಕ್ರಿಸ್‌ಕ್ರಾಸಿನ ಗೀಟಿನಲ್ಲಿ ಕಾಣುವುದಿಲ್ಲ. ಬಿಲ್ಲೆಯಲ್ಲಿ ಕಾಣುತ್ತದೆ. ಕ್ಯಾಲ್ಸಿಯಂಗೆ ಒಂದು ಕ್ಲೋರೈಡು ಸಿಕ್ಕಿಸಿದಾಗ ಕೆಳಗಿನ ಹಲ್ಲು ಖಾಲಿ ನಿಂತಿರುತ್ತದೆ, ಮಗುವಿನ ಕೈ ತಾನಾಗಿ ಇನ್ನೊಂದು ನೀಲಿ ಬಿಲ್ಲೆಗೆ ಹೋಗುತ್ತದೆ.

ಅಲ್ಯೂಮಿನಿಯಂ ಸಲ್ಫೇಟು ಮಾಡಿಸಿದ ದಿನದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಈ ಡಬ್ಬಕ್ಕೆ ಕೊಟ್ಟ ದುಡ್ಡು ಹುಟ್ಟಿದ್ದು ಅಲ್ಲೇ. ಒಬ್ಬ ಹುಡುಗಿ ಮೂರು ಹಲ್ಲಿನ ಅಲ್ಯೂಮಿನಿಯಂ ಇಟ್ಟು, ಎರಡು ಕಚ್ಚಿನ ಸಲ್ಫೇಟು ಸಿಕ್ಕಿಸಿದಳು. ಒಂದು ಹಲ್ಲು ಉಳಿಯಿತು. ಇನ್ನೊಂದು ಸಲ್ಫೇಟು ಇಟ್ಟಳು, ಈಗ ಒಂದು ಕಚ್ಚು ಕೆಳಗೆ ಇಳಿಬಿತ್ತು. ಅದನ್ನು ತೆಗೆದಳು, ಮತ್ತೆ ಇಟ್ಟಳು. ಆಮೇಲೆ ಆ ಖಾಲಿ ಕಚ್ಚಿಗೆ ಎರಡನೇ ಅಲ್ಯೂಮಿನಿಯಂನ ಮೊದಲ ಹಲ್ಲು ಕೂರಿಸಿದಳು. ಈಗ ಹಳದಿ ಕಡೆ ಎರಡು ಹಲ್ಲು ಬಾಕಿ. ಅಲ್ಲಿಗೆ ಮೂರನೇ ಸಲ್ಫೇಟು ಇಟ್ಟ ಕೂಡಲೇ ಎರಡೂ ಸಾಲು ಸಮ. ಮೇಲಿಂದ ಕೆಳಕ್ಕೆ ಬೆರಳು ಸವರಿ ನೋಡಿದಳು. ‘ನಡುವಿನ ಸಲ್ಫೇಟು ಎರಡು ಅಲ್ಯೂಮಿನಿಯಂಗೂ ಸೇರಿದ್ದು ಮೇಡಂ’ ಅಂದಳು. ಎರಡು ಮೂರಲಿ ಆರು, ಮೂರು ಎರಡಲಿ ಆರು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಈ ಮಾತು ಮಕ್ಕಳ ಬಾಯಿಂದ ಬಂದಿರಲಿಲ್ಲ. ನಿಜವಾದ ಹರಳಿನೊಳಗೆ ಒಂದೊಂದು ಅಯಾನಿನ ಸುತ್ತ ಎದುರು ಚಾರ್ಜಿನ ಅಯಾನುಗಳು ಎಲ್ಲ ದಿಕ್ಕಿನಲ್ಲೂ ಇರುತ್ತವೆ, ಇಂತಿಂಥವು ಮಾತ್ರ ಜೋಡಿ ಎಂದು ಇರುವುದಿಲ್ಲ. ಸೂತ್ರ ಹೇಳುವುದು ಎಷ್ಟಕ್ಕೆ ಎಷ್ಟು ಎಂಬ ಲೆಕ್ಕವನ್ನು ಮಾತ್ರ. ಅದನ್ನು ವಿವರಿಸಲು ಅವಳ ಆ ಒಂದು ಮಾತು ನನಗೆ ದಾರಿ ಮಾಡಿಕೊಟ್ಟಿತು.

ಆವರಣದ (ಬ್ರಾಕೆಟ್ಟಿನ) ತೊಂದರೆಯೂ ಹೀಗೇ ಬಗೆಹರಿಯಿತು. ‘ಎಎಲ್‌ಟು, ಎಸ್‌ಓಫೋರ್ ಹೋಲ್ ಥ್ರೈಸ್’ ಎಂದು ಮಕ್ಕಳು ರಾಗವಾಗಿ ಹೇಳುತ್ತಾರೆ. ಬರೆಯುವಾಗ ಮಾತ್ರ ಆವರಣ ಬಿಟ್ಟು, ನಾಲ್ಕರ ಪಕ್ಕ ಮೂರು ಬರೆದು ನಲವತ್ತಮೂರು ಆಕ್ಸಿಜನ್ ಮಾಡಿಟ್ಟಿರುತ್ತಾರೆ. ಸುಣ್ಣದ ನೀರಿನದ್ದು ಸಿಎ, ಓಎಚ್ ಹೋಲ್ ಟ್ವೈಸ್. ಅದರ ಆವರಣ ಬಿಟ್ಟರೆ ಆಕ್ಸಿಜನ್ ಒಂದೇ ಆಗಿಹೋಗುತ್ತದೆ. ಡಬ್ಬದಲ್ಲಿ ಇಡೀ ಗುಂಪೇ ಒಂದು ತುಂಡು: ಓಎಚ್ ಒಂದೇ ಬಿಲ್ಲೆ, ಎಸ್‌ಓಫೋರ್ ಒಂದೇ ಬಿಲ್ಲೆ, ಎನ್‌ಎಚ್‌ಫೋರ್ ಒಂದೇ ಬಿಲ್ಲೆ. ಇಡೀ ಬಿಲ್ಲೆ ಎರಡು ಸಲ ಬಂದರೆ ಹೋಲ್ ಟ್ವೈಸ್. ಕೈಯಲ್ಲಿ ಹಿಡಿದ ಮೇಲೆ ಆ ಹೋಲ್ ಅಂದರೆ ಏನು ಎಂದು ಬೇರೆ ಹೇಳಬೇಕಾಗಲಿಲ್ಲ. ಒಂದೇ ಬಿಲ್ಲೆ ಇದ್ದರೆ ಆವರಣ ಬೇಡ ಎಂಬುದನ್ನು ಮಾತ್ರ ನಾವು ಹೇಳಬೇಕು, ಇಲ್ಲದಿದ್ದರೆ ಒಂದೇ ಓಎಚ್ ಇರುವ ಕಾಸ್ಟಿಕ್ ಸೋಡಾಕ್ಕೂ ಆವರಣ ಹಾಕಿ ತರುತ್ತಾರೆ.

ಮೆಗ್ನೀಸಿಯಂ ಆಕ್ಸೈಡಿನಲ್ಲಿ ಡಬ್ಬ ಇನ್ನೊಂದು ಉಪಕಾರ ಮಾಡುತ್ತದೆ. ಕ್ರಿಸ್‌ಕ್ರಾಸ್ ಮಾಡಿದರೆ ಮೊದಲು ಎಂಜಿಟು ಓಟು ಬರುತ್ತದೆ, ಆಮೇಲೆ ಎರಡನ್ನೂ ಹೊಡೆದುಹಾಕಿ ಎಂಜಿಓ ಮಾಡಬೇಕು. ಬಿಲ್ಲೆಯಲ್ಲಿ ಒಂದಕ್ಕೆ ಒಂದು ಸರಿಯಾಗಿ ಕೂರುತ್ತದೆ, ಹೊಡೆದುಹಾಕುವ ಪ್ರಶ್ನೆಯೇ ಇಲ್ಲ. ಈ ಹೊಡೆದುಹಾಕುವ ಅಭ್ಯಾಸ ಮುಂದೆ ತೊಂದರೆ ಕೊಡುತ್ತದೆ. ಗಾಯ ತೊಳೆಯಲು ಮೆಡಿಕಲ್ ಶಾಪಿನಿಂದ ತರುವ ಹೈಡ್ರೋಜನ್ ಪೆರಾಕ್ಸೈಡು ಎಚ್‌ಟು ಓಟು. ಅಲ್ಲಿ ಎರಡೂ ಕಡೆ ಎರಡಿದೆ ಎಂದು ಹೊಡೆದುಹಾಕಿದರೆ ಎಚ್‌ಓ ಉಳಿಯುತ್ತದೆ, ಆ ಹೆಸರಿನ ಬಾಟಲಿ ಯಾವ ಅಂಗಡಿಯಲ್ಲೂ ಇಲ್ಲ. ಪೆರಾಕ್ಸೈಡಿನಲ್ಲಿ ಎರಡು ಆಕ್ಸಿಜನ್ ಒಂದಕ್ಕೊಂದು ಕೈಹಿಡಿದು ಒಂದೇ ಘಟಕವಾಗಿರುತ್ತವೆ, ಆ ಜೋಡಿಗೆ ಸೇರಿ ಚಾರ್ಜು ಎರಡು. ಸೋಡಿಯಂ ಪೆರಾಕ್ಸೈಡು ಎನ್‌ಎಟು ಓಟು ಆಗುವುದೂ ಇದರಿಂದಲೇ. ಇಷ್ಟು ಮುಖ್ಯವಾದ ಪೆರಾಕ್ಸೈಡಿಗೆ ಡಬ್ಬದಲ್ಲಿ ಬಿಲ್ಲೆ ಇಲ್ಲ. ನಾನು ನೀಲಿ ರಟ್ಟಿನಲ್ಲಿ ಎರಡು ಕಚ್ಚಿನದ್ದು ಕತ್ತರಿಸಿಟ್ಟಿದ್ದೇನೆ.

ಬೀರುವಿಗೆ ಹಾಕಿ ಅಂದ ಎರಡು ಬಿಲ್ಲೆಗಳ ವಿಷಯ ಇನ್ನೂ ಗಂಭೀರ. ನಾಲ್ಕು ಹಲ್ಲಿನ ಹಳದಿ ಕಾರ್ಬನ್ ಒಂದು, ಆರು ಹಲ್ಲಿನ ಹಳದಿ ಸಲ್ಫರ್ ಒಂದು. ಕಾರ್ಬನ್ನಿಗೆ ಎರಡು ಆಕ್ಸೈಡು ಸಿಕ್ಕಿಸಿದರೆ ಸಿಓಟು ಆಗುತ್ತದೆ, ಸರಿ. ಆದರೆ ಕಾರ್ಬನ್ ಡೈ ಆಕ್ಸೈಡಿನಲ್ಲಿ ಅಯಾನುಗಳಿಲ್ಲ, ಅಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ. ಬಿಲ್ಲೆಯ ಲೆಕ್ಕದಿಂದ ಕಾರ್ಬನ್ ಮೊನಾಕ್ಸೈಡು ಬರುವುದೇ ಇಲ್ಲ, ಆ ಅನಿಲ ಮಾತ್ರ ಇದ್ದಲಿನ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಮುಚ್ಚಿದ ಕೋಣೆಯಲ್ಲಿ ಜನರ ಪ್ರಾಣ ತೆಗೆಯುವಷ್ಟು ನಿಜ. ನೈಟ್ರೋಜನ್ನಿಗೆ ಎನ್‌ಟುಓದಿಂದ ಎನ್‌ಟು ಓಫೈವ್ ತನಕ ಹಲವು ಆಕ್ಸೈಡುಗಳಿವೆ. ಒಂದೇ ಜೋಡಿಯಿಂದ ಇಷ್ಟೊಂದು ಆಗುವುದರಿಂದಲೇ ಅಲ್ಲಿ ಮೊನೊ, ಡೈ, ಟ್ರೈ, ಟೆಟ್ರಾ, ಪೆಂಟಾ ಎಂದು ಎಣಿಕೆಯನ್ನು ಹೆಸರಿನಲ್ಲೇ ಹೇಳಬೇಕು. ಕ್ಯಾಲ್ಸಿಯಂ ಕ್ಲೋರೈಡಿಗೆ ಡೈ ಬೇಡ. ಕ್ಯಾಲ್ಸಿಯಂ ಅಯಾನಿನ ಚಾರ್ಜು ಯಾವಾಗಲೂ ಎರಡೇ, ಹೆಸರು ಕೇಳಿದ ಕೂಡಲೇ ಕ್ಲೋರೈಡು ಎಷ್ಟು ಎಂದು ಲೆಕ್ಕ ಹಾಕಬಹುದು. ಈ ಎರಡು ಬಿಲ್ಲೆ ಡಬ್ಬದಲ್ಲಿ ಇರುವಷ್ಟು ದಿನ ಮಕ್ಕಳು ಒಂದು ಕಡೆ ‘ಕ್ಯಾಲ್ಸಿಯಂ ಡೈಕ್ಲೋರೈಡ್’, ಇನ್ನೊಂದು ಕಡೆ ‘ಕಾರ್ಬನ್ ಆಕ್ಸೈಡ್’ ಎಂದು ಬರೆಯುತ್ತಿದ್ದರು. ತೆಗೆದ ಮೇಲೆ ಎರಡೂ ಕಡಿಮೆಯಾಯಿತು.

ಸಲ್ಫರ್ ಬಿಲ್ಲೆಯದ್ದು ಬೇರೆಯೇ ಗೋಜಲು. ಅದಕ್ಕೆ ಮೂರು ಆಕ್ಸೈಡು ಸಿಕ್ಕಿಸಿದರೆ ಎಸ್‌ಓಥ್ರೀ, ಸಲ್ಫರ್ ಟ್ರೈ ಆಕ್ಸೈಡ್ ಎಂಬ ಸಂಯುಕ್ತ, ಚಾರ್ಜು ಇಲ್ಲ. ಪಕ್ಕದಲ್ಲೇ ನೀಲಿ ಬಣ್ಣದ ಎಸ್‌ಓಥ್ರೀ ಬಿಲ್ಲೆ ಇದೆ, ಅದು ಸಲ್ಫೈಟು, ಎರಡು ಋಣ ಚಾರ್ಜಿನ ಅಯಾನು. ಅಕ್ಷರ, ಅಂಕಿ ಎಲ್ಲ ಒಂದೇ, ವಸ್ತು ಬೇರೆ. ಈ ಭೇದ ಒಂದು ದಿನ ಹೇಳಲೇಬೇಕು, ಆದರೆ ಮೊದಲ ವಾರದಲ್ಲಿ ಅಲ್ಲ.

ಪುಸ್ತಿಕೆಯಲ್ಲಿನ ತಪ್ಪು ಕೋಬಾಲ್ಟ್ ಕ್ಲೋರೈಡಿನದ್ದು. ಬಿಲ್ಲೆಯ ಮೇಲೆ ಸಂಕೇತ ಸರಿಯಾಗಿದೆ, ಸಿ ದೊಡ್ಡಕ್ಷರ, ಓ ಚಿಕ್ಕಕ್ಷರ. ಪುಸ್ತಿಕೆಯಲ್ಲಿ ಎರಡನ್ನೂ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಸಣ್ಣ ಅಚ್ಚಿನ ದೋಷ ಎಂದು ಬಿಡುವ ಹಾಗಿಲ್ಲ. ಚಿಕ್ಕ ಓ ಇದ್ದರೆ ಅದು ಕೋಬಾಲ್ಟ್ ಕ್ಲೋರೈಡು. ಅದರಲ್ಲಿ ಅದ್ದಿ ಒಣಗಿಸಿದ ಕಾಗದ ಒಣಗಿದ್ದಾಗ ನೀಲಿ, ತೇವ ತಗುಲಿದರೆ ಗುಲಾಬಿ, ಎಲೆಯಿಂದ ನೀರು ಆವಿಯಾಗುವುದನ್ನು ತೋರಿಸಲು ಲ್ಯಾಬಿನಲ್ಲಿ ಬಳಸುತ್ತೇವೆ. ದೊಡ್ಡ ಓ ಬರೆದರೆ ಕಾರ್ಬನ್ ಒಂದು, ಆಕ್ಸಿಜನ್ ಒಂದು, ಕ್ಲೋರಿನ್ ಎರಡು. ಅದು ಫಾಸ್ಜೀನ್, ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ. ಒಂದೇ ಅಕ್ಷರದ ಗಾತ್ರ ಬದಲಾದರೆ ಇಷ್ಟು ಬದಲಾಗುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಕನ್ನಡ ಮಾಧ್ಯಮದ ಮಗು ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಓದಿ ಬಂದಿರುತ್ತದೆ, ಗಾತ್ರ ವ್ಯತ್ಯಾಸವಾದರೆ ಇಂಗ್ಲಿಷಿನಲ್ಲಿ ಅರ್ಥ ಕೆಡುವುದೂ ಕಡಿಮೆ. ರಸಾಯನಶಾಸ್ತ್ರದಲ್ಲಿ ಕೆಡುತ್ತದೆ. ಈ ಅಭ್ಯಾಸ ಕೈಗೆ ಬರಬೇಕಾದರೆ ಕಣ್ಣೆದುರು ಇರುವ ಅಚ್ಚು ಸರಿ ಇರಲೇಬೇಕು. ಅಂಗಡಿಯವರಿಗೆ ಪುಟ ತೋರಿಸಿ ಹೇಳಿದ್ದೇನೆ, ಕಂಪನಿಗೆ ತಿಳಿಸುತ್ತೇವೆ ಅಂದಿದ್ದಾರೆ.

ಹೆಸರುಗಳ ವಿಷಯದಲ್ಲಿ ಡಬ್ಬ ಅರ್ಧ ದಾರಿ ಮಾತ್ರ ಬರುತ್ತದೆ. ಬಿಲ್ಲೆಯ ಮೇಲೆ ಸಂಕೇತದ ಕೆಳಗೆ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇದೆ, ಅದೂ ಸಣ್ಣ ಅಕ್ಷರ. ನಾನು ಹಿಂಬದಿಗೆ ಮಾರ್ಕರಿನಿಂದ ಕನ್ನಡದಲ್ಲಿ ಬರೆದೆ. ಎನ್‌ಎ ಎಂದರೆ ಸೋಡಿಯಂ, ಕೆ ಎಂದರೆ ಪೊಟ್ಯಾಸಿಯಂ, ಎಫ್‌ಇ ಎಂದರೆ ಕಬ್ಬಿಣ, ಪಿಬಿ ಎಂದರೆ ಸೀಸ. ಇವು ನೇಟ್ರಿಯಂ, ಕೇಲಿಯಂ, ಫೆರಮ್, ಪ್ಲಂಬಮ್ ಎಂಬ ಲ್ಯಾಟಿನ್ ಹೆಸರುಗಳಿಂದ ಬಂದವು. ಕನ್ನಡದ ಮಗುವಿಗೂ ಇಂಗ್ಲಿಷ್ ಮಾಧ್ಯಮದ ಮಗುವಿಗೂ ಇವು ಒಂದೇ ಸಮ ಹೊಸವು. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಧೈರ್ಯ ಬಂದದ್ದು ನೋಡಿದ್ದೇನೆ. ಪಿಯುಸಿಗೆ ಹೋದರೆ ಎಲ್ಲ ಇಂಗ್ಲಿಷು ಎಂಬ ಹೆದರಿಕೆ ಒಂಬತ್ತರಿಂದಲೇ ಶುರುವಾಗಿರುತ್ತದೆ.

ನಿಜವಾದ ತೊಡಕು ಹೆಸರಿನ ಬಾಲದಲ್ಲಿದೆ. ಐಡ್, ಐಟ್, ಏಟ್. ಸಲ್ಫೈಡಿನಲ್ಲಿ ಆಕ್ಸಿಜನ್ ಇಲ್ಲ, ಸಲ್ಫೈಟಿನಲ್ಲಿ ಮೂರು, ಸಲ್ಫೇಟಿನಲ್ಲಿ ನಾಲ್ಕು. ನೈಟ್ರೈಡಿನಲ್ಲಿ ಇಲ್ಲ, ನೈಟ್ರೈಟಿನಲ್ಲಿ ಎರಡು, ನೈಟ್ರೇಟಿನಲ್ಲಿ ಮೂರು. ಏಟ್ ಅಂದರೆ ನಾಲ್ಕು ಎಂದು ಬಾಯಿಪಾಠ ಮಾಡುವ ಹಾಗಿಲ್ಲ, ಅದೇ ಜಾತಿಯ ಐಟ್‌ಗಿಂತ ಆಕ್ಸಿಜನ್ ಒಂದು ಹೆಚ್ಚು ಎಂದಷ್ಟೇ ತಿಳಿಯಬೇಕು. ಇನ್ನೂ ಸೂಕ್ಷ್ಮ ಏನೆಂದರೆ ಸಲ್ಫೈಡು, ಸಲ್ಫೈಟು, ಸಲ್ಫೇಟು ಮೂರಕ್ಕೂ ಚಾರ್ಜು ಎರಡೇ. ನೈಟ್ರೈಟು, ನೈಟ್ರೇಟಿಗೆ ಒಂದು, ನೈಟ್ರೈಡಿಗೆ ಮಾತ್ರ ಮೂರು. ಡಬ್ಬದಲ್ಲಿ ಇವೆಲ್ಲ ಒಂದೇ ನೀಲಿ, ಹೆಸರು ಓದದೆ ಕಚ್ಚು ಮಾತ್ರ ನೋಡಿ ಮಕ್ಕಳು ಸಿಕ್ಕಿಸಿಬಿಡುತ್ತಾರೆ. ಸೂತ್ರ ಸರಿ ಬಂದಿರುತ್ತದೆ, ಕೇಳಿದ್ದು ಸೋಡಿಯಂ ಸಲ್ಫೇಟು, ಮಾಡಿದ್ದು ಸೋಡಿಯಂ ಸಲ್ಫೈಟು. ಐಡ್ ಬಿಲ್ಲೆಗಳ ಮೂಲೆಗೆ ಬಿಳಿ ಸ್ಟಿಕ್ಕರ್, ಐಟ್‌ಗೆ ಹಸಿರು, ಏಟ್‌ಗೆ ಕೆಂಪು ಅಂಟಿಸಿದೆ. ಕಂಪನಿಯವರೇ ಅಚ್ಚಿನಲ್ಲಿ ಇದನ್ನು ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕಬ್ಬಿಣಕ್ಕೆ ಎರಡು ಬೇರೆ ಬೇರೆ ಬಿಲ್ಲೆ ಕೊಟ್ಟಿದ್ದಾರೆ, ಎರಡು ಹಲ್ಲಿನದ್ದು ಮತ್ತು ಮೂರು ಹಲ್ಲಿನದ್ದು. ಇದಕ್ಕೆ ಪೂರ್ತಿ ಅಂಕ. ಹಳೆಯ ಹೆಸರು ಫೆರಸ್, ಫೆರಿಕ್. ಈಗಿನ ಪದ್ಧತಿಯಲ್ಲಿ ಐರನ್ ಎಂದು ಬರೆದು ಆವರಣದಲ್ಲಿ ರೋಮನ್ ಅಂಕಿ ಎರಡು ಅಥವಾ ಮೂರು. ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ಕ್ರಮ ಅದು. ಅಸ್, ಇಕ್ ಎಂಬ ಬಾಲಗಳಲ್ಲಿ ಯಾವುದು ಕಡಿಮೆ, ಯಾವುದು ಹೆಚ್ಚು ಎಂದು ತಿಳಿಯುತ್ತದೆಯೇ ಹೊರತು ಎಷ್ಟು ಎಂದು ತಿಳಿಯುವುದಿಲ್ಲ. ಫೆರಸ್ ಅಂದರೆ ಎರಡು, ತಾಮ್ರದ ಕ್ಯುಪ್ರಸ್ ಅಂದರೆ ಒಂದು. ಫೆರಿಕ್ ಮೂರು, ಕ್ಯುಪ್ರಿಕ್ ಎರಡು, ತವರದ ಸ್ಟ್ಯಾನಿಕ್ ನಾಲ್ಕು. ರೋಮನ್ ಅಂಕಿ ಬಂದರೆ ಈ ಗೊಂದಲ ಇಲ್ಲ. ಆದರೆ ಹಳೆಯ ಹೆಸರನ್ನು ಬಿಡುವ ಹಾಗೂ ಇಲ್ಲ, ರಕ್ತಹೀನತೆಗೆ ಕೊಡುವ ಐರನ್ ಮಾತ್ರೆಯ ಪಟ್ಟಿಯ ಹಿಂದೆ ಇನ್ನೂ ಫೆರಸ್ ಎಂದೇ ಅಚ್ಚಾಗಿರುತ್ತದೆ. ಮಕ್ಕಳಿಗೆ ಪಟ್ಟಿ ತಿರುಗಿಸಿ ಓದಿಸಿ.

ಪುಸ್ತಿಕೆಯ ಇತಿಹಾಸದ ಪುಟ ಸಣ್ಣದಾದರೂ ಚೆನ್ನಾಗಿದೆ. ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್ ಬರೆದ ವೃತ್ತದ ಚಿಹ್ನೆಗಳಿವೆ, ಅವರು ನೀರಿನಲ್ಲಿ ಹೈಡ್ರೋಜನ್ ಒಂದು, ಆಕ್ಸಿಜನ್ ಒಂದು ಎಂದು ತಿಳಿದಿದ್ದರು ಎಂಬುದೂ ಇದೆ. ಸ್ವೀಡನ್ನಿನ ಬರ್ಜೀಲಿಯಸ್ ಅಕ್ಷರಗಳನ್ನು ಸಂಕೇತವಾಗಿ ತಂದಾಗ ಅಂಕಿಯನ್ನು ಸಂಕೇತದ ಮೇಲ್ಗಡೆ ಬರೆಯುತ್ತಿದ್ದರು, ಕೆಳಗೆ ಇಳಿದದ್ದು ಆಮೇಲೆ. ಇದನ್ನು ಹೇಳಿದ ಮೇಲೆ ‘ತಲೆ ಮೇಲಿನ ಅಂಕಿ ಚಾರ್ಜು, ಕಾಲ ಬಳಿಯ ಅಂಕಿ ಲೆಕ್ಕ’ ಎಂಬ ನನ್ನ ಹಳೆಯ ಮಾತು ಮಕ್ಕಳಿಗೆ ಚೆನ್ನಾಗಿ ಹಿಡಿಸಿತು.

ಅದೇ ಪುಟದಲ್ಲಿ 1787ರಲ್ಲಿ ಪ್ಯಾರಿಸಿನಲ್ಲಿ ಲವಾಸಿಯೆ, ಗಿಟನ್ ದ ಮೊರ್ವೊ, ಬರ್ತೊಲೆ, ಫೂರ್ಕ್ರುವಾ ಎಂಬ ರಸಾಯನಶಾಸ್ತ್ರಜ್ಞರು ಸೇರಿ ಹೆಸರಿಡುವ ಪದ್ಧತಿ ತಂದದ್ದರ ಬಗ್ಗೆ ನಾಲ್ಕು ಸಾಲಿದೆ. ಹೆಸರು ಕೇಳಿದರೆ ಒಳಗೆ ಏನಿದೆ ಎಂದು ತಿಳಿಯಬೇಕು ಎಂಬುದು ಅವರ ಪಟ್ಟು. ನಮ್ಮ ಊರಿನಲ್ಲಿ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಮೈಲುತುತ್ತ, ನವಸಾಗರ, ಪಟಿಕ, ಅಡುಗೆ ಸೋಡಾ, ಬಟ್ಟೆ ಸೋಡಾ. ಎಲ್ಲ ಒಳ್ಳೆಯ ಹೆಸರುಗಳೇ, ಅಂಗಡಿಯಲ್ಲಿ ಕೇಳಿ ತರಲು ಸಾಕು. ಆದರೆ ಎರಡು ಸೋಡಾಗಳಲ್ಲಿ ಒಂದು ಸೋಡಿಯಂ ಹೈಡ್ರೋಜನ್ ಕಾರ್ಬನೇಟು, ಇನ್ನೊಂದು ಸೋಡಿಯಂ ಕಾರ್ಬನೇಟು ಎಂದು ಬಿಲ್ಲೆ ಜೋಡಿಸಿ ನೋಡಿದಾಗಲೇ ಭೇದ ಎಲ್ಲಿದೆ ಎಂದು ತಿಳಿಯುತ್ತದೆ. ಮೊದಲನೆಯದಕ್ಕೆ ಒಂದು ಕಚ್ಚು, ಸೋಡಿಯಂ ಒಂದು ಸಾಕು. ಎರಡನೆಯದಕ್ಕೆ ಎರಡು ಬೇಕು. ಪಾತ್ರೆಗೆ ಕಲಾಯಿ ಹಾಕುವವರು ಉಜ್ಜುವ ನವಸಾಗರ ಅಮೋನಿಯಂ ಕ್ಲೋರೈಡು, ಅದಕ್ಕೆ ಒಂದಕ್ಕೊಂದು ಬಿಲ್ಲೆ.

ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ಅಡಿಕೆ ತೋಟದ ಮನೆಯವರು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ವಿಷಯ ಬಂದರೆ ಪಾಠ ಅವರೇ ಮಾಡುತ್ತಾರೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಅದನ್ನೇ ಬಿಲ್ಲೆಯಲ್ಲಿ ಮಾಡಿಸಿದೆ. ಒಂದು ಕಡೆ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟು, ಒಂದಕ್ಕೆ ಒಂದು. ಇನ್ನೊಂದು ಕಡೆ ಸುಣ್ಣಕ್ಕೆ ಕ್ಯಾಲ್ಸಿಯಂ ಮತ್ತು ಎರಡು ಹೈಡ್ರಾಕ್ಸೈಡು. ಒಬ್ಬ ಹುಡುಗ ಎರಡು ಹಳದಿ ಬಿಲ್ಲೆಗಳನ್ನು ಎತ್ತಿ ಅದಲು ಬದಲು ಇಟ್ಟ. ಕಾಪರಿಗೆ ಎರಡು ಹೈಡ್ರಾಕ್ಸೈಡು, ಕ್ಯಾಲ್ಸಿಯಂಗೆ ಸಲ್ಫೇಟು, ಎರಡೂ ಸಮಕ್ಕೆ ಕೂತವು, ಒಂದು ಬಿಲ್ಲೆಯೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಡ್ರಮ್ಮಿನಲ್ಲಿ ನಡೆಯುವುದು ಇದಕ್ಕಿಂತ ಜಟಿಲ, ಆದರೆ ಸರಳವಾಗಿ ಬರೆಯುವ ಸಮೀಕರಣ ಇದೇ. ಹತ್ತನೇ ತರಗತಿಯಲ್ಲಿ ಬರುವ ದ್ವಿಸ್ಥಾನಪಲ್ಲಟ ಕ್ರಿಯೆಯ ಪಾಠ ಅಲ್ಲಿಗೇ ಆಯಿತು. ‘ಕತ್ತಿ ಅದ್ದಿದ್ರೆ ಕೆಂಪಾದ್ರೆ ಇನ್ನೂ ಸುಣ್ಣ ಹಾಕ್ಬೇಕು ಮೇಡಂ, ಅಪ್ಪ ನೋಡ್ತಾರೆ’ ಎಂದು ಅವನೇ ಸೇರಿಸಿದ. ಕಬ್ಬಿಣದ ಕತ್ತಿಯ ಮೇಲೆ ಕೂರುವ ಆ ಕೆಂಪು ತಾಮ್ರ. ಸುಣ್ಣ ಸಾಲದೆ ಕಾಪರ್ ಸಲ್ಫೇಟು ಹಾಗೇ ಉಳಿದಿದ್ದರೆ ಕಬ್ಬಿಣ ಅದರ ಜಾಗಕ್ಕೆ ಹೋಗಿ ತಾಮ್ರವನ್ನು ಹೊರಗೆ ಹಾಕುತ್ತದೆ. ಅದಕ್ಕೂ ಎರಡು ಹಲ್ಲಿನ ಕಬ್ಬಿಣದ ಬಿಲ್ಲೆ ಕೈಯಲ್ಲೇ ಇತ್ತು.

ಇಲ್ಲಿ ಡಬ್ಬದ ಇನ್ನೊಂದು ಕೊರತೆ ಎದ್ದು ಕಂಡಿತು. ಅಂಗಡಿಯಿಂದ ತರುವ ನೀಲಿ ಮೈಲುತುತ್ತ ಬರೀ ಸಿಯುಎಸ್‌ಓಫೋರ್ ಅಲ್ಲ, ಅದರ ಪಕ್ಕ ಒಂದು ಚುಕ್ಕಿ ಇಟ್ಟು ಐದು ಎಚ್‌ಟುಓ ಬರೆಯಬೇಕು. ಹರಳಿನೊಳಗೇ ಸೇರಿಕೊಂಡ ನೀರು ಅದು. ಕಾಯಿಸಿದರೆ ಆ ನೀರು ಹೋಗಿ ಹರಳು ಬೆಳ್ಳಗಾಗುತ್ತದೆ, ನೀರು ಹನಿಸಿದರೆ ಮತ್ತೆ ನೀಲಿ. ನೀರಿಗೆ ಡಬ್ಬದಲ್ಲಿ ಬಿಲ್ಲೆಯೇ ಇಲ್ಲ. ಹಲ್ಲೂ ಕಚ್ಚೂ ಇಲ್ಲದ ಬಿಳಿ ಬಿಲ್ಲೆ ಹತ್ತು ಕತ್ತರಿಸಿಟ್ಟೆ, ಬಟ್ಟೆ ಸೋಡಾದ ಹರಳಿಗೆ ಹತ್ತೂ ಬೇಕು. ಆಮೇಲೆ ಬೋರ್ಡಿನ ಮೇಲೆ ಪರಮಾಣುಗಳ ತೂಕದ ಲೆಕ್ಕ ಮಾಡಿಸಿದೆ: ತಾಮ್ರ 63.5, ಸಲ್ಫರ್ 32, ನಾಲ್ಕು ಆಕ್ಸಿಜನ್ 64, ಐದು ನೀರು 90, ಒಟ್ಟು 249.5. ಅಂದರೆ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 360 ಗ್ರಾಂ ನೀರೇ, ತಾಮ್ರ ಸುಮಾರು 255 ಗ್ರಾಂ ಮಾತ್ರ. ಸೂತ್ರ ಗೊತ್ತಿದ್ದರೆ ಚೀಲದೊಳಗೆ ಎಷ್ಟು ತಾಮ್ರ ಇದೆ ಎಂದು ಹೇಳಬಹುದು ಎಂದು ತಿಳಿದ ದಿನ ಮಕ್ಕಳು ಮನೆಗೆ ಹೋಗಿ ಅಪ್ಪಂದಿರಿಗೆ ಲೆಕ್ಕ ಒಪ್ಪಿಸಿದರಂತೆ. ಮಾರನೇ ದಿನ ಒಬ್ಬಳು ಡಿಎಪಿ ಗೊಬ್ಬರದ ಹೆಸರು ಬರೆದುಕೊಂಡು ಬಂದಳು. ಡೈ ಅಮೋನಿಯಂ ಫಾಸ್ಫೇಟು. ಪೂರ್ತಿ ಹೆಸರಿನಲ್ಲಿ ನಡುವೆ ಹೈಡ್ರೋಜನ್ ಎಂದೂ ಇದೆ, ಅದಕ್ಕೇ ಮೂರು ಕಚ್ಚಿನ ಫಾಸ್ಫೇಟಿಗೆ ಎರಡೇ ಅಮೋನಿಯಂ ಸಾಕಾಗುತ್ತದೆ. ಮೂರನೇ ಕಚ್ಚಿನಲ್ಲಿ ಹೈಡ್ರೋಜನ್ ಕೂತಿದೆ. ಹೈಡ್ರೋಜನ್ ಬಿಲ್ಲೆ ಸಿಕ್ಕಿಸಿ ಅವಳಿಗೆ ತೋರಿಸಿದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಆಮ್ಲಗಳ ಹೆಸರಿನ ಕೋಷ್ಟಕ ಪುಸ್ತಿಕೆಯಲ್ಲಿ ಸರಿಯಾಗಿದೆ, ಅದನ್ನು ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಬಹುದು. ಬಿಲ್ಲೆಯ ಹಲ್ಲುಗಳು ಬಳಸುತ್ತ ಬಳಸುತ್ತ ಸ್ವಲ್ಪ ಸಡಿಲವಾಗುತ್ತವೆ, ಹರಿಯುವುದಿಲ್ಲ. ಡಬ್ಬದ ಮುಚ್ಚಳ ತೆಳು, ಹಳೆಯ ಸ್ವೀಟ್ ಬಾಕ್ಸಿಗೆ ವರ್ಗಾಯಿಸಿದ್ದೇನೆ. 40 ಮಕ್ಕಳ ಕ್ಲಾಸಿಗೆ ಒಂದು ಡಬ್ಬ ಸಾಲದು, ಎರಡು ಬೇಕು. ಮನೆಯಲ್ಲಿ ಒಂದು ಮಗುವಿಗೆ ಆದರೆ ಒಂದು ಧಾರಾಳ. ನನ್ನ ಅಕ್ಕನ ಮಗ ಇಂಗ್ಲಿಷ್ ಮಾಧ್ಯಮದವನು, ರಜೆಗೆ ಬಂದಾಗ ಅವನೂ ಇದರಲ್ಲಿ ಕೂತ. ಕ್ರಿಸ್‌ಕ್ರಾಸ್ ಚೆನ್ನಾಗಿ ಬರುತ್ತಿದ್ದವನಿಗೂ ನಡುವಿನ ಸಲ್ಫೇಟು ನೋಡಿ ಆಶ್ಚರ್ಯವಾಯಿತು.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಡಬ್ಬ ತೆರೆಸಿ ಮೂರು ವಿಷಯ ನೋಡಿ. ಕಬ್ಬಿಣಕ್ಕೆ ಎರಡು ಥರದ ಬಿಲ್ಲೆ ಇದೆಯೇ, ಸಂಕೇತಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಸರಿಯಾಗಿದೆಯೇ, ಕ್ಯಾಲ್ಸಿಯಂ ಮೂರು ಇದೆಯೇ. ನನ್ನ ಡಬ್ಬದಲ್ಲಿ ಕ್ಯಾಲ್ಸಿಯಂ ಎರಡೇ ಇತ್ತು, ಕ್ಯಾಲ್ಸಿಯಂ ಫಾಸ್ಫೇಟು ಮಾಡಲು ಮೂರು ಬೇಕು, ಫಾಸ್ಫೇಟು ಎರಡು. ರಟ್ಟಿನಲ್ಲಿ ಮಾಡಿಕೊಳ್ಳುವವರಿಗೆ ಅಳತೆ: ಒಂದು ಹಲ್ಲಿನ ಬಿಲ್ಲೆ 3 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲ, ಎರಡು ಹಲ್ಲಿನದ್ದು 6 ಎತ್ತರ, ಮೂರು ಹಲ್ಲಿನದ್ದು 9. ಹಲ್ಲು ಪ್ರತಿ 3 ಸೆಂ.ಮೀ.ಯ ನಟ್ಟನಡುವೆ ಬರಬೇಕು, 1 ಸೆಂ.ಮೀ. ಚೌಕ. ಕಚ್ಚನ್ನು ಒಂದು ಕೂದಲೆಳೆ ದೊಡ್ಡದಾಗಿ ಕತ್ತರಿಸಿ, ಇಲ್ಲದಿದ್ದರೆ ಸಿಕ್ಕಿಸುವಾಗ ರಟ್ಟು ಮಡಚುತ್ತದೆ. ಕತ್ತರಿಸಬೇಕಾದವು: ಕ್ಯಾಲ್ಸಿಯಂ ಒಂದು, ಪೆರಾಕ್ಸೈಡ್ ಒಂದು, ಬಿಳಿ ನೀರು ಹತ್ತು. ಶೂ ಡಬ್ಬದ ರಟ್ಟು ಸಾಕಾಗುತ್ತದೆ, ಮೇಲೆ ಅಗಲದ ಸೆಲ್ಲೋಟೇಪು ಅಂಟಿಸಿದರೆ ಮಳೆಗಾಲವನ್ನೂ ತಡೆಯುತ್ತದೆ.